ಪತ್ರೊಡೆಯ ಮೇಲೆ ವಿದೇಶಿ ದಾಳಿ

ವಿದೇಶಿ ಸರಕಾರವೊಂದು ಕಾಪುವಿನ ಮೇಲೆ ದಾಳಿ ಮಾಡಿದ ಸುದ್ದಿ ಮೊದಲು ಹೊರಟದ್ದು ದೆಹಲಿಯಿಂದಲ್ಲ, ರೋಸಿಬಾಯಿಯ ಬೇಲಿಯಿಂದ. ಆ ದೇಶದ ಹೆಸರನ್ನು ಇಲ್ಲಿ ಹೇಳುವಂತಿಲ್ಲ. ಎರಡು ದೇಶಗಳ ಸಂಬಂಧದ ಪ್ರಶ್ನೆ. ಮೇಲಾಗಿ ಉಚ್ಚಿಲದಿಂದ ಉಡುಪಿಯವರೆಗೆ ಎಷ್ಟೋ ಮನೆಗಳ ಒಲೆ ಉರಿಯುವುದು ಅಲ್ಲಿಂದ ಬರುವ ಸಂಬಳದಲ್ಲಿ. ಗಲ್ಫಿನ ಒಂದು ದೇಶ ಎಂದಷ್ಟು ತಿಳಿದರೆ ಸಾಕು.

ದಾಳಿಗೆ ಒಳಗಾದದ್ದು ದೀಪಸ್ತಂಭ ಮಹಿಳಾ ಮಂಡಳಿಯ ವೆಬ್‌ಸೈಟು. 2004ರಲ್ಲಿ ಮಂಡಳಿಗೆ ಹತ್ತು ವರ್ಷ ತುಂಬಿತು. ಆ ನೆನಪಿಗೆ ಏನು ಮಾಡುವುದೆಂದು ಸಭೆ ಸೇರಿದಾಗ ಒಬ್ಬರು ಬಸ್ ನಿಲ್ದಾಣಕ್ಕೆ ಬೆಂಚು ಎಂದರು, ಇನ್ನೊಬ್ಬರು ಶಾಲೆಗೆ ಗಡಿಯಾರ ಎಂದರು. ಕಾರ್ಯದರ್ಶಿ ಸುಗಂಧಿ ಮಾತ್ರ ವೆಬ್‌ಸೈಟು ಎಂದಳು. ಎಲ್ಲರೂ ಅವಳ ಮುಖ ನೋಡಿದರು. ಐವತ್ತೆರಡರ ಸುಗಂಧಿ ಅದುವರೆಗೆ ಮಿಕ್ಸಿಯನ್ನು ಎರಡನೆಯ ವೇಗಕ್ಕೂ ತಿರುಗಿಸಿದವಳಲ್ಲ.

"ನಮ್ಮ ಹಪ್ಪಳ ಸಂಡಿಗೆ ಹೊರದೇಶದವರಿಗೂ ಗೊತ್ತಾಗಲಿ ಅಂತ" ಎಂದಳು. ಅಧ್ಯಕ್ಷೆ ಅನ್ನಪೂರ್ಣಕ್ಕನಿಗೆ ಹೊರದೇಶದ ಮಾತು ಹಿಡಿಸಿತು. ಮಂಡಳಿ ಒಪ್ಪಿತು.

ಹಪ್ಪಳದ ಮಾತು ನೆಪ. ಸುಗಂಧಿಗೆ ಬೇಕಾಗಿದ್ದದ್ದು ಅವಳ ಅಕ್ಕ ಶಶಿಕಲಾ.

ಹನ್ನೊಂದು ವರ್ಷದ ಹಿಂದೆ ಸುಗಂಧಿಯ ಹೊಸ ಮನೆಯ ಗೃಹಪ್ರವೇಶ ನಡೆಯಿತು. ಆಮಂತ್ರಣ ಪತ್ರಿಕೆಯ ಕೆಳಗೆ ಇಪ್ಪತ್ತಮೂರು ಬಂಧುಗಳ ಹೆಸರು ಅಚ್ಚಾಗಿತ್ತು. ಅವರಲ್ಲಿ ಕಾರ್ಕಳದ ಚಿಕ್ಕಪ್ಪ ತೀರಿಹೋಗಿ ಎಂಟು ತಿಂಗಳಾಗಿತ್ತು. ಅವರೂ ತಮ್ಮೆಲ್ಲರ ಆಗಮನ ಬಯಸಿದ್ದರು. ಶಶಿಕಲಾಳ ಹೆಸರು ಮಾತ್ರ ಇರಲಿಲ್ಲ. ಕರಾವಳಿಯಲ್ಲಿ ಪತ್ರಿಕೆಯಿಂದ ಹೆಸರು ಬಿಡುವುದೆಂದರೆ ಊಟಕ್ಕೆ ಕೂತವರ ಎಲೆ ಎಳೆದ ಹಾಗೆ. ಅಕ್ಕ ಗೃಹಪ್ರವೇಶಕ್ಕೆ ಬರಲಿಲ್ಲ. ಮುಂದಿನ ತಿಂಗಳು ಗಂಡನೊಂದಿಗೆ ಮುಂಬಯಿಗೆ ಹೋದಳು, ಅಲ್ಲಿಂದ ಗಲ್ಫಿಗಂತೆ. ಯಾವ ದೇಶ, ಎಂತ ಕೆಲಸ, ಯಾರಿಗೂ ಗೊತ್ತಿಲ್ಲ. ತಾಯಿ ಮೊದಲೇ ತೀರಿಕೊಂಡಿದ್ದರಿಂದ ಅವಳಿಗೆ ಕಾಗದ ಬರೆಯಲು ಊರಿನಲ್ಲಿ ಬೇರೆ ವಿಳಾಸವೂ ಉಳಿಯಲಿಲ್ಲ.

ಪತ್ರಿಕೆಯನ್ನು ಅಚ್ಚಿಗೆ ಕೊಟ್ಟವರು ಸುಗಂಧಿಯ ಗಂಡ ಸರ್ವೋತ್ತಮರು. "ಪ್ರೆಸ್ಸಿನವರ ತಪ್ಪು" ಎಂದು ಅವರು ಅಂದೇ ತೀರ್ಪು ಕೊಟ್ಟು ಮುಗಿಸಿದ್ದರು. ಅಕ್ಕನ ಮಾತು ತೆಗೆದಾಗಲೆಲ್ಲ ಮನೆಯಲ್ಲಿ ಪ್ರೆಸ್ಸಿನ ವಿಷಯವೇ ಅರ್ಧ ಗಂಟೆ ನಡೆಯುತ್ತಿದ್ದರಿಂದ ಸುಗಂಧಿ ಆ ಮಾತನ್ನೇ ಬಿಟ್ಟಳು. ಅಮ್ಮನ ಅಡುಗೆಗಳನ್ನು ವೆಬ್‌ಸೈಟಿಗೆ ಹಾಕಿದರೆ, ಎಲ್ಲಿದ್ದರೂ ಅಕ್ಕ ಒಂದು ದಿನ ನೋಡಿಯಾಳು ಎಂಬ ಆಸೆಯೊಂದನ್ನು ಮಾತ್ರ ಬಿಡಲಿಲ್ಲ.

ಪೇಟೆಯಲ್ಲಿ ಸೈಬರ್ ಕೆಫೆ ಇಟ್ಟಿದ್ದ ಸ್ಟ್ಯಾನಿಸ್ಲಾಸ್ ಬೇಸಿಗೆಯ ಆರಂಭದಲ್ಲೇ ವೆಬ್‌ಸೈಟು ಮಾಡಿಕೊಟ್ಟ. ಕನ್ನಡ ಅಕ್ಷರ ಹಾಕಿದರೆ ಹೊರದೇಶದ ಕಂಪ್ಯೂಟರಿನಲ್ಲಿ ಬರೀ ಚೌಕಗಳು ಕಾಣುತ್ತವೆ ಎಂದು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿ ಬರೆದ. ಮೊದಲ ಅಡುಗೆ ಪತ್ರೊಡೆ, ಕೆಸುವಿನ ಎಲೆಗೆ ಅಕ್ಕಿಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸುವುದು. ಆಗ ಮಳೆಗಾಲದ ಆಟಿ ತಿಂಗಳು, ಬೇಲಿಯ ಬದಿಯಲ್ಲೆಲ್ಲ ಕೆಸು ಎದ್ದು ನಿಂತಿತ್ತು. ಸುಗಂಧಿ ಹೇಳಿದಳು, ಸ್ಟ್ಯಾನಿಸ್ಲಾಸ್ ಒತ್ತಿದ: ಹದಿಮೂರು ಕೆಸುವಿನ ಎಲೆ, ಎರಡು ಪಾವು ಅಕ್ಕಿ, ನಿಂಬೆಗಾತ್ರದ ಹುಣಿಸೆಹುಳಿ.

ಆರನೆಯ ದಿನ, ಬುಧವಾರ ಮಧ್ಯಾಹ್ನ, ಸ್ಟ್ಯಾನಿಸ್ಲಾಸ್ ಓಡಿಬಂದ.

"ಸುಗಂಧಿಯಕ್ಕ, ಪತ್ರೊಡೆಗೆ ಯಾರೋ ಕೈ ಹಾಕಿದ್ದಾರೆ."

ಮಡಕೆಯಲ್ಲಿದ್ದ ಪತ್ರೊಡೆಯನ್ನು ನೋಡಲು ಸುಗಂಧಿ ಎದ್ದಳು. ಇಲ್ಲಿಯದ್ದಲ್ಲ, ವೆಬ್‌ಸೈಟಿನದ್ದು ಎಂದು ಅವನು ಕಾಗದ ಮುಂದೆ ಹಿಡಿದ. 'ನಿಂಬೆಗಾತ್ರ' ಎಂದಿದ್ದಲ್ಲಿ 'ಎರಡು ನಿಂಬೆಗಾತ್ರ' ಎಂದಾಗಿತ್ತು. ಕೆಳಗೆ ಒಂದು ಸಾಲು ಹೊಸದು: 'ಇಷ್ಟಾದರೂ ಹಾಕದಿದ್ದರೆ ಗಂಟಲು ತುರಿಸುತ್ತದೆ. ಬರೆದವರು ತಿಂದವರು ಮಾತ್ರ, ಕಡೆದವರಲ್ಲ.'

ಸುಗಂಧಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ತವರುಮನೆಯಲ್ಲಿ ರುಬ್ಬುಗಲ್ಲಿನ ಮುಂದೆ ಕೂತು ಕಡೆಯುತ್ತಿದ್ದದ್ದು ಯಾವಾಗಲೂ ಅಕ್ಕ. ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಸುಗಂಧಿ. ಆದರೆ ಹುಣಿಸೆ ಸಾಲದು ಎನ್ನುವ ಹೆಂಗಸರು ಈ ಕರಾವಳಿಯಲ್ಲಿ ಒಂದು ಲಕ್ಷ ಜನ ಇದ್ದಾರು. ಅವರಲ್ಲಿ ಯಾರು ಎಂದು ಹೇಗೆ ಹೇಳುವುದು?

ಅಷ್ಟರಲ್ಲಿ ಕಾಗದ ಸರ್ವೋತ್ತಮರ ಕೈಗೆ ಹೋಯಿತು.

ಸರ್ವೋತ್ತಮರು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು. ತಂತಿಯ ಒಂದು ತುದಿ ಕೈಗೆ ಸಿಕ್ಕಿದರೆ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ಹೇಳಬಲ್ಲೆ ಎಂಬುದು ಅವರ ನಂಬಿಕೆ. ಮನೆಯಲ್ಲಿ ಏನು ಕೆಟ್ಟರೂ ಕಾರಣ ಬಹಳ ದೂರದಲ್ಲಿರುತ್ತದೆ ಎಂಬುದು ಇನ್ನೊಂದು. ನಲ್ಲಿಯಲ್ಲಿ ನೀರು ಬಾರದಿದ್ದರೆ ತಮಿಳುನಾಡು, ದೋಸೆ ಹರಿದರೆ ಪಂಜಾಬಿನ ಅಕ್ಕಿ. ಅವರು ಕನ್ನಡಕ ಹಾಕಿ ಮೂರು ಸಲ ಓದಿದರು.

"ಎಲೆ ಎಷ್ಟು?"

"ಹದಿಮೂರು" ಎಂದಳು ಸುಗಂಧಿ.

"ಕಾಪು ಭೂಗೋಳದಲ್ಲಿ ಎಷ್ಟನೆಯ ಡಿಗ್ರಿಯಲ್ಲಿ ಉಂಟು ಗೊತ್ತುಂಟಾ? ಹದಿಮೂರು." ಅವರು ಅಟ್ಲಾಸ್ ತೆಗೆದು ತೋರಿಸಿದರು. "ಎರಡು ನಿಂಬೆ ಅಂದರೆ ಎಂತ? ದುಂಡಗಿನ ವಸ್ತು ಎರಡು, ಬಾಂಬು. ಗುರಿ ಕಡಲತೀರದ ನಮ್ಮ ದೀಪಸ್ತಂಭ."

"ಹದಿಮೂರು ಎಲೆ ಅಂತ ಬರೆಸಿದ್ದು ನಾನಲ್ವಾ?"

"ಅದೇ ನೋಡು. ನಿನ್ನ ಕೈಯಿಂದಲೇ ಬರೆಸಿದ್ದಾರೆ."

ಮರುವಾರ ಬುಧವಾರ, ಅದೇ ಮಧ್ಯಾಹ್ನದ ಹೊತ್ತಿಗೆ, ಹೊಸದಾಗಿ ಹಾಕಿದ್ದ ಬಂಗುಡೆ ಮೀನಿನ ಹುಳಿಖಾರದ ಸಾರು ಪುಳಿಮುಂಚಿಯ ಪುಟಕ್ಕೆ ದಾಳಿಯಾಯಿತು. ಒಣಮೆಣಸು ಹನ್ನೆರಡರಿಂದ ಹದಿನೆಂಟಕ್ಕೆ ಏರಿತ್ತು. ಸರ್ವೋತ್ತಮರು ತಡಮಾಡಲಿಲ್ಲ. ಹೆಂಡತಿಯನ್ನೂ ಸ್ಟ್ಯಾನಿಸ್ಲಾಸನನ್ನೂ ಕರೆದುಕೊಂಡು ಮಣಿಪಾಲದ ಬಸ್ಸು ಹತ್ತಿದರು.

ಮಣಿಪಾಲದಲ್ಲಿ ಆಶ್ರಿತಾ ಎಂಬ ಕಂಪ್ಯೂಟರ್ ಅಧ್ಯಾಪಕಿ ಸ್ಟ್ಯಾನಿಸ್ಲಾಸನ ಪರಿಚಯದವಳು. ವೆಬ್‌ಸೈಟಿನೊಳಗೆ ಎಲ್ಲೆಲ್ಲಿಂದ ಬಂದಿದ್ದಾರೆಂದು ಅವನು ತಂದ ಪಟ್ಟಿಯಲ್ಲಿ ಅವಳು ಒಂದು ಉದ್ದ ಸಂಖ್ಯೆಯ ಕೆಳಗೆ ಗೆರೆ ಎಳೆದಳು, ಏನೋ ಹುಡುಕಿದಳು, ಹುಬ್ಬೇರಿಸಿದಳು.

"ಇದು ಗಲ್ಫಿನ ಒಂದು ಸರಕಾರಿ ಖಾತೆಯ ಕಚೇರಿಯದ್ದು" ಎಂದು ದೇಶದ ಹೆಸರು ಹೇಳಿದಳು.

ಸರ್ವೋತ್ತಮರು ಕುರ್ಚಿಯಿಂದ ಎದ್ದು ನಿಂತರು.

"ಕೂತುಕೊಳ್ಳಿ ಅಂಕಲ್, ಮುಗಿಯಲಿಲ್ಲ. ಸಿಕ್ಕಿದ್ದು ಮನೆ ನಂಬರ್ ಮಾತ್ರ. ಮನೆಯೊಳಗೆ ಯಾರು ಅಂತ ಇದು ಹೇಳುವುದಿಲ್ಲ. ಆ ಕಚೇರಿಯಲ್ಲಿ ನಾನೂರು ಜನ ಇರಬಹುದು. ಮಂತ್ರಿ ಹೇಳಿ ಮಾಡಿಸಿದ್ದಾ, ಜವಾನ ಹೊತ್ತು ಹೋಗದೆ ಮಾಡಿದ್ದಾ, ಗೊತ್ತಾಗುವುದಿಲ್ಲ. ಬೇರೆ ಯಾರೋ ಬೇರೆಲ್ಲಿಯೋ ಕೂತು ಇವರ ಕಂಪ್ಯೂಟರಿನ ಮೂಲಕ ಬಂದಿರಲೂಬಹುದು. ದೊಡ್ಡ ದೊಡ್ಡ ದೇಶದವರೇ ಇದರಲ್ಲಿ ಖಚಿತವಾಗಿ ಹೇಳಲಾರದೆ ಕೂತಿದ್ದಾರೆ."

"ಹಾಗಾದರೆ ಒಬ್ಬರೇ, ಬೇರೆ ಯಾರಿಗೂ ಗೊತ್ತಿಲ್ಲದೆ, ಮಾಡಿರಬಹುದಾ?" ಎಂದು ಸುಗಂಧಿ ಕೇಳಿದಳು.

"ಮಾಡಿರಬಹುದು ಆಂಟಿ."

"ಹೆಂಗಸು?"

"ಅದೂ ಆಗಬಹುದು."

ಹೀಗೆ ಒಂದೇ ಮಾತು ಕೇಳಿ ಇಬ್ಬರು ಎರಡು ಸುದ್ದಿ ತೆಗೆದುಕೊಂಡು ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಕಾಪುವಿಗೆ ಮರಳಿದರು. ಸುಗಂಧಿ ಹೊತ್ತದ್ದು ಒಳಗೇ ಉಳಿಯಿತು. ಸರ್ವೋತ್ತಮರದ್ದು ಮನೆ ತಲುಪಿದ ಕೂಡಲೇ ಅಂಗಳದಲ್ಲಿ ಗಟ್ಟಿಯಾಗಿ ಹೊರಬಂತು. ಬೇಲಿಯ ಆಚೆ ನೆರೆಮನೆಯ ರೋಸಿಬಾಯಿ ಕರಿಬೇವು ಕೊಯ್ಯುತ್ತಿದ್ದಳು.

"ಸರ್ವೋತ್ತಮಣ್ಣ, ಸರಕಾರಕ್ಕೆ ನಮ್ಮ ಪತ್ರೊಡೆ ಎಂತಕ್ಕೆ?"

"ಇವತ್ತು ಪತ್ರೊಡೆ, ನಾಳೆ ಬಂದರು."

ಸಂಜೆಯ ಹೊತ್ತಿಗೆ ಮೀನು ಮಾರ್ಕೆಟಿನಲ್ಲಿ ಬೂತಾಯಿಯ ಬೆಲೆ ಏರಿದ್ದಕ್ಕೂ ಅದೇ ಕಾರಣ ಎಂದಾಯಿತು. ಕಾರ್ಕಳದಿಂದ ಸರ್ವೋತ್ತಮರ ತಂಗಿ ಫೋನು ಮಾಡಿ, ಅಕ್ಕಿ ಹೆಚ್ಚು ತಂದಿಟ್ಟುಕೊಳ್ಳಬೇಕಾ ಎಂದು ಕೇಳಿದಳು. ತಂದಿಟ್ಟರೆ ನಷ್ಟವಿಲ್ಲ ಎಂದು ಅಣ್ಣ ಗಂಭೀರವಾಗಿ ಉತ್ತರ ಕೊಟ್ಟರು.

ಆಮೇಲೆ ಅವರು ಆ ದೇಶದ ರಾಯಭಾರಿಗೆ ನಾಲ್ಕು ಪುಟದ ಪತ್ರ ಬರೆದರು. ಎರಡು ವಾರಕ್ಕೆ ಒಂದು ಸಾಲಿನ ಉತ್ತರ ಬಂತು: ನಿಮ್ಮ ಪತ್ರ ತಲುಪಿದೆ, ಧನ್ಯವಾದ.

"ನೋಡು, ನಿರಾಕರಿಸಲಿಲ್ಲ" ಎಂದರು ಸರ್ವೋತ್ತಮರು. "ಧನ್ಯವಾದ ಬೇರೆ ಹೇಳಿದ್ದಾರೆ. ಎಷ್ಟು ಧೈರ್ಯ."

ಆ ಕಾಗದ ಹಿಡಿದುಕೊಂಡು ಅವರು ಪೊಲೀಸ್ ಠಾಣೆಗೆ ಹೊರಟರು. ಇನ್ನೇನು ಅನಾಹುತವಾಗುವುದೋ ಎಂದು ಸುಗಂಧಿಯೂ ಹಿಂದೆಯೇ ಹೋದಳು. ಠಾಣೆಯಲ್ಲಿದ್ದವರು ಗುರಲಿಂಗಪ್ಪ ಎಂಬ ಎಎಸ್ಐ. ಬಾಗಲಕೋಟೆ ಕಡೆಯವರು, ಕರಾವಳಿಗೆ ಬಂದು ಎರಡು ವರ್ಷವಾಗಿತ್ತು. ಇಲ್ಲಿಯ ಸೆಕೆಗೂ ಇಲ್ಲಿಯ ಜನ ದೂರು ಹೇಳುವ ರೀತಿಗೂ ಇನ್ನೂ ಒಗ್ಗಿರಲಿಲ್ಲ.

"ಏನ್ ಕಳುವಾಗೇತ್ರಿ?"

"ಕಳವಾಗಲಿಲ್ಲ. ಹುಣಿಸೆಹುಳಿ ಹೆಚ್ಚಾಗಿದೆ."

ಗುರಲಿಂಗಪ್ಪ ಪೆನ್ನು ಕೆಳಗಿಟ್ಟರು. "ಎಲ್ಲಿ ಹೆಚ್ಚಾಗೇತಿ?"

"ಪತ್ರೊಡೆಯಲ್ಲಿ. ಒಣಮೆಣಸು ಆರು, ಪುಳಿಮುಂಚಿಯಲ್ಲಿ."

"ಅಂದ್ರ ಕಳ್ಳ ಬಂದು ತನ್ನ ಮಾಲು ನಿಮ್ಮ ಮನ್ಯಾಗ ಇಟ್ಟು ಹೋಗ್ಯಾನ. ಇದಕ್ಕ ಯಾವ ಕಲಂ ಹಚ್ಚಲಿ ನಾನು?"

ಸರ್ವೋತ್ತಮರು ಮೊದಲಿನಿಂದ ವಿವರಿಸಿದರು. ಗುರಲಿಂಗಪ್ಪ ತಾಳ್ಮೆಯಿಂದ ಕೇಳಿ, "ಒಳಗ ಹೋಗಾಕ ಕೀಲಿ ಬೇಕಲ್ರಿ. ಆ ಕೀಲಿ ಯಾರ್ಯಾರ ಹಂತ್ಯಾಕ ಐತಿ?" ಎಂದರು.

"ಪಾಸ್‌ವರ್ಡ್ ಅಲ್ವಾ? ಅದು ನಮ್ಮ ಸದಸ್ಯರಿಗೆ ಮಾತ್ರ" ಎಂದು ಸರ್ವೋತ್ತಮರು ಚೀಲದಿಂದ ಮಂಡಳಿಯ ದಶಮಾನೋತ್ಸವ ಸ್ಮರಣ ಸಂಚಿಕೆ ತೆಗೆದು, ಐದನೆಯ ಪುಟ ಬಿಡಿಸಿಟ್ಟರು. ಅಧ್ಯಕ್ಷೆಯ ಭಾವಚಿತ್ರದ ಕೆಳಗೆ, ದಾನಿಗಳ ಪಟ್ಟಿಯ ಮೇಲೆ, ವೆಬ್‌ಸೈಟಿನ ವಿಳಾಸವೂ ಪಾಸ್‌ವರ್ಡೂ ದಪ್ಪ ಅಕ್ಷರದಲ್ಲಿ, ಸುತ್ತ ಹೂವಿನ ಬಳ್ಳಿಯ ಚೌಕಟ್ಟಿನೊಳಗೆ ಅಚ್ಚಾಗಿದ್ದವು.

ಗುರಲಿಂಗಪ್ಪ ಅದನ್ನು ಬಹಳ ಹೊತ್ತು ನೋಡಿದರು. "ಇದನ್ನ ಅಚ್ಚು ಹಾಕಿಸಿದವರು ಯಾರ್ರೀ?"

"ಗೌರವ ಸಲಹೆಗಾರ ಅಂತ ನಾನೇ. ಸದಸ್ಯರಿಗೆ ಮಾಹಿತಿ ಬೇಡವಾ?"

"ಎಷ್ಟ್ ಪ್ರತಿ?"

"ಐನೂರು."

"ಸದಸ್ಯರು?"

"ನಲವತ್ತೆರಡು" ಎಂದಳು ಸುಗಂಧಿ.

ಉಳಿದ ಪ್ರತಿಗಳು ಹೋದದ್ದು ಎಲ್ಲಿಗೆ ಎಂದು ಹೇಳಬೇಕಾಗಿರಲಿಲ್ಲ. ಗಲ್ಫಿಗೆ ಹೊರಟವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಬಾಟಲಿ ಸುತ್ತಲು ಸ್ಮರಣ ಸಂಚಿಕೆಯಷ್ಟು ಒಳ್ಳೆಯ ಕಾಗದ ಇನ್ನೊಂದಿಲ್ಲ. ಆ ಬೇಸಿಗೆಯಲ್ಲಿ ಸುಗಂಧಿಯೇ ಹದಿನಾಲ್ಕು ಬಾಟಲಿ ಸುತ್ತಿಕೊಟ್ಟಿದ್ದಳು. ಅವುಗಳಲ್ಲಿ ಒಂದು ಯಾರ ಅಡುಗೆಮನೆಯಲ್ಲಿ ಬಿಚ್ಚಿಕೊಂಡಿತೋ ಎಂದುಕೊಂಡಾಗ ಠಾಣೆಯ ಬೆಂಚಿನಲ್ಲೇ ಅವಳಿಗೆ ನಗು ಬಂತು.

ಮರುದಿನ ಬೆಳಿಗ್ಗೆ ಉಚ್ಚಿಲದಿಂದ ಏಳು ಮಂದಿಯ ನಿಯೋಗ ಬಂತು. ಮುಂದೆ ಜೋಕಿಮ್, ಅವನ ಇಬ್ಬರು ಗಂಡುಮಕ್ಕಳು ಆ ದೇಶದಲ್ಲಿ ಲಾರಿ ಓಡಿಸುತ್ತಿದ್ದರು.

"ಸರ್ವೋತ್ತಮಣ್ಣ, ನೀವು ಆ ಸರಕಾರದ ಮೇಲೆ ಕಂಪ್ಲೇಂಟ್ ಕೊಟ್ಟಿದ್ದೀರಂತೆ. ನಿಮ್ಮ ಪತ್ರೊಡೆಯ ದೆಸೆಯಿಂದ ನಮ್ಮ ಮಕ್ಕಳ ವೀಸಾ ಹೋಗುವುದು ಬೇಡ ಮಾರಾಯ್ರೆ. ಬೇಕಾದರೆ ಎಲ್ಲರೂ ಎರಡು ನಿಂಬೆಗಾತ್ರವೇ ಹಾಕುವ. ಎಂತ ಕಷ್ಟ?"

"ಇದು ಹುಳಿಯ ಪ್ರಶ್ನೆಯಲ್ಲ ಜೋಕಿಮ್. ಸಾರ್ವಭೌಮತೆಯ ಪ್ರಶ್ನೆ."

"ಅದನ್ನು ಒಲೆಯ ಮೇಲೆ ಇಟ್ಟರೆ ಬೇಯುತ್ತದಾ?" ಎಂದಿತು ನಿಯೋಗದ ಹಿಂದಿನ ಸಾಲು.

ಚಹಾ ಎರಡು ಸುತ್ತು ಆಯಿತು. ನಿಯೋಗ ಅಲ್ಲಿಂದ ಎದ್ದು ನೇರ ಅನ್ನಪೂರ್ಣಕ್ಕನ ಮನೆಗೆ ಹೋಯಿತು. ಸಂಜೆ ಮಂಡಳಿಯ ತುರ್ತು ಸಭೆ ಕೂಡಿ, ವೆಬ್‌ಸೈಟನ್ನು ಗುರುವಾರ ಬೆಳಿಗ್ಗೆ ಮುಚ್ಚತಕ್ಕದ್ದೆಂದು ನಿರ್ಣಯ ಮಾಡಿತು. ಆ ದಿನ ಸೋಮವಾರ. ನಿರ್ಣಯವನ್ನು ಪುಸ್ತಕದಲ್ಲಿ ಬರೆಯಬೇಕಾದವಳು ಕಾರ್ಯದರ್ಶಿ. ಸುಗಂಧಿ ಬರೆದಳು. ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಮನೆಗೆ ಬಂದು ಗಂಡನಿಗೆ, "ಅದು ನಮ್ಮ ಅಕ್ಕ ಆಗಿರಬಹುದು" ಎಂದಳು. ಎಷ್ಟೋ ವರ್ಷಗಳ ನಂತರ ಅಕ್ಕನ ಮಾತು ತೆಗೆದದ್ದು ಅದೇ ಮೊದಲು.

ಸರ್ವೋತ್ತಮರು ದಿನಪತ್ರಿಕೆಯಿಂದ ತಲೆ ಎತ್ತಲಿಲ್ಲ. "ನಿನ್ನ ಅಕ್ಕನಿಗೆ ಒಂದು ಸರಕಾರ ಸಿಕ್ಕಿದ್ದು ಯಾವಾಗ?"

ಮಂಗಳವಾರ ಸುಗಂಧಿ ಒಬ್ಬಳೇ ಠಾಣೆಗೆ ಹೋದಳು. ತಾಯಿಯ ಪತ್ರೊಡೆ, ಅಕ್ಕ, ಆಮಂತ್ರಣ ಪತ್ರಿಕೆ, ಎಲ್ಲವನ್ನೂ ಗುರಲಿಂಗಪ್ಪರಿಗೆ ಹೇಳಿದಳು. ಅವಳು ಅಷ್ಟು ಮಾತಾಡಿದ್ದು ಅವಳಿಗೇ ಆಶ್ಚರ್ಯ.

"ಎಲ್ಲಿಂದ ಬಂದಾರ ಅಂತ ಹುಡುಕೂದು ಬಿಡ್ರಿ ಅಕ್ಕಾರ" ಎಂದರು ಗುರಲಿಂಗಪ್ಪ. "ಆ ದಾರಿ ಹಿಡಿದು ಹ್ವಾದ್ರ ಮಂತ್ರಿ ಮನಿ ಮುಂದ ನಿಲ್ತೀರಿ. ನಾನೂರು ಮಂದ್ಯಾಗ ಯಾರು ಅನ್ನೂದು ನಂಬರ್ ಹೇಳಂಗಿಲ್ಲ. ನಿಮ್ಮ ಅಕ್ಕಾರಿಗೆ ಏನು ಕಂಡ್ರ ಸುಮ್ನ ಕುಂದ್ರಾಕ ಆಗಂಗಿಲ್ಲ ಹೇಳ್ರಿ. ಅವರಿಗೊಬ್ಬರಿಗೇ. ಅದನ್ನ ಬರದು ಇಡ್ರಿ. ತಾವ ಬರ್ತಾರ."

ಸುಗಂಧಿ ಠಾಣೆಯಿಂದ ನೇರ ಸ್ಟ್ಯಾನಿಸ್ಲಾಸನ ಅಂಗಡಿಗೆ ಹೋಗಿ, ಪತ್ರೊಡೆಯ ಪುಟವನ್ನು ಹೊಸದಾಗಿ ಬರೆಸಿದಳು. 'ಪತ್ರೊಡೆಗೆ ಹುಣಿಸೆಹುಳಿ ಬೇಕೇ ಇಲ್ಲ. ನಮ್ಮ ಅಮ್ಮ ಯಾವಾಗಲೂ ಹುಣಿಸೆ ಇಲ್ಲದೆಯೇ ಮಾಡುತ್ತಿದ್ದರು. ಇಂತಿ, ಅವರ ಮಗಳು ಸುಗಂಧಿ.'

ಒತ್ತುತ್ತಿದ್ದ ಸ್ಟ್ಯಾನಿಸ್ಲಾಸನ ಬೆರಳು ನಿಂತಿತು. "ಅಕ್ಕ, ಇದನ್ನು ನೋಡಿ ಯಾರಾದರೂ ಮಾಡಿ ತಿಂದರೆ ಸತ್ತೇ ಹೋಗುತ್ತಾರಲ್ವಾ?"

"ಸಾಯುವುದಿಲ್ಲ. ಗಂಟಲು ಕೆರೆದುಕೊಳ್ಳುತ್ತಾರೆ. ಒತ್ತು."

ಬುಧವಾರ ಮಧ್ಯಾಹ್ನ ಸೈಬರ್ ಕೆಫೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರಲಿಂಗಪ್ಪ ಬಂದಿದ್ದರು. ರೋಸಿಬಾಯಿ ಒಲೆಯ ಮೇಲೆ ಅನ್ನ ಬಿಟ್ಟು ಬಂದಿದ್ದಳು. ನಿರ್ಣಯದಂತೆ ಮುಚ್ಚುವುದಕ್ಕೆ ಮೊದಲು ಒಮ್ಮೆ ನೋಡುವ ಎಂದು ಅನ್ನಪೂರ್ಣಕ್ಕ ಬಂದಿದ್ದರು. ದಾಳಿಯನ್ನು ಕಣ್ಣಾರೆ ಕಂಡು ರಾಯಭಾರಿಗೆ ಎರಡನೆಯ ಪತ್ರ ಬರೆಯಲು ಸರ್ವೋತ್ತಮರು ಹಾಳೆ ಸಮೇತ ಸಿದ್ಧರಾಗಿದ್ದರು.

ಒಂದು ಗಂಟೆಯಾಯಿತು, ಏನೂ ಇಲ್ಲ. ಒಂದೂಕಾಲು, ಏನೂ ಇಲ್ಲ. "ಇವತ್ತು ಅವರಿಗೆ ರಜೆಯಾ ಎಂತ" ಎಂದು ಅನ್ನಪೂರ್ಣಕ್ಕ ಆಕಳಿಸಿದರು. ಸ್ಟ್ಯಾನಿಸ್ಲಾಸ್ ಪುಟವನ್ನು ಮತ್ತೆ ಮತ್ತೆ ತೆರೆದ. ಅದು ತೆರೆಯಲು ಪ್ರತಿ ಸಲ ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು.

ಒಂದೂವರೆಗೆ ತೆರೆದಾಗ ಪತ್ರೊಡೆ ಪೂರ್ತಿ ಮಾಯವಾಗಿತ್ತು. ಅದರ ಜಾಗದಲ್ಲಿ ಇದ್ದದ್ದು ನಾಲ್ಕು ಸಾಲು. ಸ್ಟ್ಯಾನಿಸ್ಲಾಸ್ ಗಟ್ಟಿಯಾಗಿ ಓದಿದ:

'ಸುಗಂಧಿ, ನಾಚಿಕೆ ಇಲ್ಲವಾ ನಿನಗೆ. ಸತ್ತುಹೋದ ಅಮ್ಮನ ಹೆಸರು ಯಾಕೆ ಕೆಡಿಸುತ್ತೀ. ಅಮ್ಮ ಹುಣಿಸೆ ಇಲ್ಲದೆ ಪತ್ರೊಡೆ ಮಾಡಿದ್ದು ಒಂದೇ ಒಂದು ಸಲ. ಅವತ್ತು ಶ್ಯಾನುಭಾಗರ ಮರ ಹತ್ತಿ ಹುಣಿಸೆಯ ಬದಲಿಗೆ ಬಿಂಬುಳಿ ಕಾಯಿ ಕದ್ದವಳು ನಾನು, ಕೆಳಗೆ ಕಾವಲು ನಿಂತು ಹೆದರಿ ಅತ್ತವಳು ನೀನು.'

"ನೇರ ಬೆದರಿಕೆ" ಎಂದರು ಸರ್ವೋತ್ತಮರು. ಆದರೆ ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಸರಕಾರ ಮರ ಹತ್ತಂಗಿಲ್ರಿ" ಎಂದರು ಗುರಲಿಂಗಪ್ಪ. "ಇದು ಅಕ್ಕಾರು. ಕಳವು ಒಪ್ಪಿಕೊಂಡಾರ. ಆದ್ರ ಕೇಸ್ ಭಾಳ ಹಳೇದಾತು, ನಾ ತಗೊಳಂಗಿಲ್ಲ."

ಸುಗಂಧಿ ಸ್ಟ್ಯಾನಿಸ್ಲಾಸನನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತಳು. ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಿದಳು. ಅವಳ ಹಿಂದೆ ಹತ್ತು ಜನ ಕತ್ತು ಚಾಚಿ ನಿಂತಿದ್ದರು. 'ಅಕ್ಕ ಊಟ ಆಯಿತಾ' ಎಂಬಷ್ಟು ಬರೆಯಲು ಆರು ನಿಮಿಷ ಹಿಡಿಯಿತು.

ಉತ್ತರ ಬೇಗ ಬಂತು. ಶಶಿಕಲಾ ಮದುವೆಗೆ ಮೊದಲೇ ಉಡುಪಿಯಲ್ಲಿ ಟೈಪ್‌ರೈಟಿಂಗ್ ಸೀನಿಯರ್ ಪಾಸು ಮಾಡಿದವಳು. ಅದೇ ಪುಟದಲ್ಲಿ ಸಾಲಿನ ಕೆಳಗೆ ಸಾಲು ಬಂದು ನಿಂತಿತು. ಗಂಡ ತೀರಿಕೊಂಡು ಐದು ವರ್ಷವಾಯಿತಂತೆ. ಆ ಖಾತೆಯ ಕಚೇರಿಯಲ್ಲಿ ಚಹಾ ಮಾಡುವ ಕೆಲಸ. ಬುಧವಾರ ಸಾಹೇಬರಿಗೆ ಹೊರಗೆ ಮೀಟಿಂಗ್. ಅಲ್ಲಿಯ ಮಲಯಾಳಿ ಗುಮಾಸ್ತೆ ಊಟಕ್ಕೆ ಹೋಗುವಾಗ ತನ್ನ ಕುರ್ಚಿ ಬಿಟ್ಟುಕೊಡುತ್ತಾಳಂತೆ. ಪಕ್ಕದ ಕೋಣೆಯ ಹುಡುಗಿ ಊರಿನಿಂದ ತಂದ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ಬಿಚ್ಚಿದಾಗ ತಂಗಿಯ ಹೆಸರು ಕಂಡಿತಂತೆ. ಎಣ್ಣೆ ತಾಗಿದ ಕಾಗದದಿಂದ ಪಾಸ್‌ವರ್ಡ್ ಓದಲು ಎರಡು ದಿನ ಬೇಕಾಯಿತಂತೆ.

ರೋಸಿಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅನ್ನಪೂರ್ಣಕ್ಕನಿಗೆ ನಾಳೆಯ ನಿರ್ಣಯ ಮರೆತೇ ಹೋಗಿತ್ತು.

'ಒಮ್ಮೆ ಬಾ' ಎಂದು ಸುಗಂಧಿ ಒತ್ತಿದಳು.

ಪುಟ ತೆರೆದರು. ಏನೂ ಇಲ್ಲ. ಮತ್ತೊಮ್ಮೆ ತೆರೆದರು. ಏನೂ ಇಲ್ಲ. ಮೂರನೆಯ ಸಲ ಒಂದು ಸಾಲು: 'ನನ್ನ ಹೆಸರು ಹಾಕಲಿಕ್ಕೂ ಜಾಗ ಇಲ್ಲದ ಮನೆಗೆ ನಾನು ಹೇಗೆ ಬರಲಿ.'

ಯಾರೂ ಸರ್ವೋತ್ತಮರನ್ನು ನೋಡಲಿಲ್ಲ. ನೋಡದೇ ಇರಲು ಅಷ್ಟೂ ಜನ ಪಟ್ಟ ಪ್ರಯತ್ನ ಅವರಿಗೆ ಕಾಣಿಸಿತು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.

"ಪ್ರೆಸ್ಸಿನವರು..." ಎಂದು ಶುರುಮಾಡಿದರು.

ಸುಗಂಧಿ ತಿರುಗಿ ನೋಡಿದಳು.

"ಏಳು, ನಾನು ಬರೆಯುತ್ತೇನೆ" ಎಂದರು ಸರ್ವೋತ್ತಮರು.

ಅವರೂ ಒಂದೇ ಬೆರಳಿನವರು. ಇಡೀ ಕಾಪು ಹಿಂದಿನಿಂದ ಓದುತ್ತಿದೆ ಎಂದು ಗೊತ್ತಿದ್ದೂ ಬರೆದರು. 'ಶಶಿಯಕ್ಕನಿಗೆ ಸರ್ವೋತ್ತಮನ ನಮಸ್ಕಾರ. ಪ್ರೆಸ್ಸಿನವರ ತಪ್ಪಲ್ಲ. ಅಚ್ಚಿಗೆ ಕೊಟ್ಟ ಪಟ್ಟಿ ನಾನೇ ಬರೆದದ್ದು. ಹಿಂದೆ ಕುಟುಂಬದಲ್ಲಿ ಆದ ಮದುವೆಯೊಂದರ ಪತ್ರಿಕೆಯಿಂದ ನಕಲು ಮಾಡುವಾಗ ಒಂದು ಸಾಲು ಹಾರಿಹೋಯಿತು. ಪ್ರೂಫ್ ನೋಡಿದೆ ಎಂದು ಹೇಳಿದ್ದು ಸುಳ್ಳು, ನೋಡಲಿಲ್ಲ. ಆಮೇಲೆ ಹೇಳಲು ನಾಚಿಕೆಯಾಯಿತು.'

ಬರೆದು ಮುಗಿಯುವಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಅವರು ಒಂದು ತಂತಿಯ ತುದಿಯನ್ನು ತಪ್ಪಿಲ್ಲದೆ ಹಿಡಿದದ್ದು ಇದೇ ಮೊದಲಿರಬೇಕು, ಅದೂ ನಿವೃತ್ತಿಯ ನಂತರ.

ಎರಡು ನಿಮಿಷ. ಮತ್ತೆ ಎರಡು ನಿಮಿಷ.

'ಅದು ನನಗೆ ಅವತ್ತೇ ಗೊತ್ತಿತ್ತು' ಎಂದು ಬಂತು ಉತ್ತರ. 'ನೀವು ಹೇಳುತ್ತೀರಾ ಅಂತ ಕಾದೆ. ಸಾಹೇಬರು ಬಂದರು, ಚಹಾ ಇಡಬೇಕು. ಮೇ ತಿಂಗಳಲ್ಲಿ ನನಗೆ ರಜೆ ಉಂಟು.'

ಮಂಡಳಿಯ ನಿರ್ಣಯವನ್ನು ಆ ಸಂಜೆಯೇ ಸರ್ವಾನುಮತದಿಂದ ಹಿಂತೆಗೆದುಕೊಳ್ಳಲಾಯಿತು. ಉಚ್ಚಿಲದ ಜೋಕಿಮ್‌ಗೆ ಎರಡು ದೇಶಗಳ ನಡುವೆ ಸಂಧಿಯಾಯಿತೆಂದು ಸುದ್ದಿ ಹೋಯಿತು. ಮೇ ತಿಂಗಳಿಗೆ ಇನ್ನೂ ಒಂಬತ್ತು ತಿಂಗಳಿತ್ತು. ಅಷ್ಟು ಕಾಯಲು ಸುಗಂಧಿಗೆ ತಾಳ್ಮೆಯಿರಲಿಲ್ಲ. ಮುಂದಿನ ಬುಧವಾರ ಬೆಳಿಗ್ಗೆ ಅವಳು ಕೆಫೆಗೆ ಹೋಗಿ, ಬಂಗುಡೆ ಪುಳಿಮುಂಚಿಯ ಪುಟದಿಂದ ಶುಂಠಿಯನ್ನು ಬೇಕೆಂದೇ ತೆಗೆಸಿ, ಮನೆಗೆ ಬಂದು ಅನ್ನಕ್ಕಿಟ್ಟಳು.

ಮಧ್ಯಾಹ್ನ ಹೋಗಿ ನೋಡುವಾಗ ಶುಂಠಿ ತನ್ನ ಜಾಗಕ್ಕೆ ಬಂದು ಕೂತಿತ್ತು, ಜೊತೆಗೆ ಎರಡು ಸಾಲು ಬೈಗುಳ.